ಗಂಗೂಬಾಯಿಯವರ ಓಣಿ, ನಮ್ಮ ಓಣಿ

ವಾಚನಾಲಯದ ಮಾಸ್ತರು “ಕಾಕಾ, ಈ ಸಲದ ಪುಸ್ತಕಕ್ಕ ನೀವೂ ಒಂದು ಲೇಖನ ಕೊಡಬೇಕು” ಅಂದಾಗ ನಾನು ನಕ್ಕುಬಿಟ್ಟೆ. ಏಳನೇ ಇಯತ್ತೆಗೆ ಸಾಲಿ ಬಿಟ್ಟು ರಂಟಿ ಹೊಡೆದವ ನಾನು. ಹಾಡು ಅಂದ್ರ ರಾತ್ರಿ ಪೂರಾ ಹಾಡತೀನಿ, ಬರೀ ಅಂದ್ರ ಕೈ ನಡುಗತದ. ಆದರೂ ಒಂದು ಮಾತು ಬಹಳ ದಿನದಿಂದ ಮನಸ್ಸಿನೊಳಗೆ ಕುಂತಿತ್ತು. ಅದನ್ನ ಹಾಡಿನಾಗ ಹೇಳಲಿಕ್ಕೆ ಬರಲಿಲ್ಲ, ಅದಕ್ಕೇ ಬರೆದೀನಿ. ತಪ್ಪಿದ್ದರೆ ಸಾಲಿ ಮಾಸ್ತರುಗಳು, ಅಕ್ಕೋರುಗಳು ತಿದ್ದಿಕೊಂಡು ಓದಬೇಕು.

ಹೋದ ವರ್ಷ ಒಂದು ಸಾಲಿಯ ಕಾರ್ಯಕ್ರಮಕ್ಕೆ ನನ್ನನ್ನ ಪದ ಹಾಡಲಿಕ್ಕೆ ಕರೆದಿದ್ದರು. ನನಗಿಂತ ಮೊದಲು ಒಂದು ಹುಡುಗಿ ಗಂಗೂಬಾಯಿ ಹಾನಗಲ್ಲರ ಬಗ್ಗೆ ಭಾಷಣ ಮಾಡಿದಳು. ಮಾತು ಸ್ಪಷ್ಟ, ಧೈರ್ಯವೂ ಇತ್ತು. ಆಕಿ ಹೇಳಿದ್ದು ಇಷ್ಟು: ಗಂಗೂಬಾಯಿಯವರು 1913ರ ಮಾರ್ಚ್ 5ರಂದು ಧಾರವಾಡದಲ್ಲಿ ಹುಟ್ಟಿದರು, ಚಿಕ್ಕವರಿದ್ದಾಗಲೇ ಗಾಂಧೀಜಿಯವರ ಮುಂದೆ ಹಾಡಿದರು, ದೊಡ್ಡ ಗಾಯಕಿಯಾದರು, 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಬಂತು, 2009ರ ಜುಲೈ 21ರಂದು ತೀರಿಕೊಂಡರು, ತಾವು ಹುಟ್ಟಿದ ಓಣಿಗೆ ಮತ್ತು ಕಲಿತ ಶಾಲೆಗೆ ಕೀರ್ತಿ ತಂದರು. ಎಲ್ಲರೂ ಚಪ್ಪಾಳೆ ಹೊಡೆದೆವು. ನಾನೂ ಹೊಡೆದೆ.

ಮನೆಗೆ ಬಂದ ಮೇಲೆ ಆ ಕೊನೆಯ ಮಾತು ಬಿಡಲಿಲ್ಲ. ‘ಓಣಿಗೆ, ಶಾಲೆಗೆ ಕೀರ್ತಿ ತಂದರು.’ ಹುಡುಗಿಯ ತಪ್ಪೇನೂ ಇಲ್ಲ. ಕಲಾವಿದರ ಬಗ್ಗೆ ನಾವು ಎಲ್ಲರೂ ಹೀಗೇ ಮಾತಾಡತೀವಿ. ಪತ್ರಿಕೆಯವರು ಹೀಗೇ ಬರೀತಾರ, ಸನ್ಮಾನ ಮಾಡೋರು ಹೀಗೇ ಹೇಳತಾರ. ಆದರೆ ಆಕೆ ಓಣಿಗೆ ಏನು ತಂದರು ಅಂತ ಕೇಳೋದಕ್ಕಿಂತ ಮೊದಲು, ಓಣಿ ಆಕೆಗೆ ಏನು ಕೊಟ್ಟಿತು ಅಂತ ಕೇಳಬೇಕೋ ಬ್ಯಾಡೋ? ನಾನು ಈ ಲೇಖನದಾಗ ಅದನ್ನೇ ಕೇಳಿ ನೋಡತೀನಿ.

ಓಣಿಯಿಂದಲೇ ಶುರು ಮಾಡತೀನಿ. ಧಾರವಾಡದ ಶುಕ್ರವಾರಪೇಟೆ. ಅಲ್ಲಿ ಮೇಲಿನ ಜಾತಿಯವರ ಮನೆಗಳೇ ಹೆಚ್ಚು. ಗಂಗೂಬಾಯಿಯವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದಾಗ ದೊಡ್ಡ ಹಾಡುಗಾರ್ತಿ. ಅಜ್ಜಿ ಕಮಲಾಬಾಯಿಯೂ ಹಾಡುವವರೇ. ಮಿರಜದಿಂದ ಮೈಸೂರಿಗೆ ಹೋಗಿ ಬರುವಾಗ ಅಬ್ದುಲ್ ಕರೀಂ ಖಾನ್ ಸಾಹೇಬರಂಥವರು ಧಾರವಾಡದಾಗ ಇಳಿದು ಅಂಬಾಬಾಯಿಯವರ ಹಾಡು ಕೇಳುತ್ತಿದ್ದರಂತೆ. ಯೋಚನೆ ಮಾಡಿರಿ: ಇಡೀ ಹಿಂದೂಸ್ತಾನ ತಲೆಬಾಗುವ ಉಸ್ತಾದರು ಹೊಸ್ತಿಲು ದಾಟಿ ಒಳಗೆ ಬಂದು ಕುಂತು ಕೇಳುವ ಮನೆ ಅದು. ಆದರೆ ಅದೇ ಮನೆಯ ಹುಡುಗಿ ಎದುರು ಮನೆಯ ಹೊಸ್ತಿಲು ದಾಟುವ ಹಾಗಿಲ್ಲ.

ಆ ಮಾವಿನಕಾಯಿಯ ಕಥೆ ಬಹಳ ಮಂದಿಗೆ ಗೊತ್ತಿರಬೇಕು. ಗಂಗೂಬಾಯಿಯವರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಚಿಕ್ಕವರಿದ್ದಾಗ ನೆರೆಯವರ ತೋಟಕ್ಕೆ ನುಗ್ಗಿ ಮಾವಿನಕಾಯಿ ಕದ್ದರು. ಮಕ್ಕಳು ಮಾಡುವ ಕೆಲಸವೇ ಅದು, ನಮ್ಮೂರ ಕೆರೆ ದಂಡೆಯ ಹುಣಸಿ ಗಿಡಕ್ಕ ನಾವು ಕಲ್ಲು ಹೊಡೆದಷ್ಟೇ. ತೋಟದ ಯಜಮಾನರು ಸಿಟ್ಟಾದರು. ಆದರೆ ಕಾಯಿ ಕದ್ದಳು ಅಂತ ಅಲ್ಲ. ಹಾಡುವವರ ಮನೆಯ ಹುಡುಗಿ ನಮ್ಮ ತೋಟದೊಳಗೆ ಕಾಲಿಟ್ಟಳಲ್ಲಾ ಅಂತ. ಮುಂದೆ ಗಂಗೂಬಾಯಿಯವರ ಹೆಸರು ದೊಡ್ಡದಾದ ಮೇಲೆ ಅದೇ ಮಂದಿ ಅವರನ್ನು ಮನೆಗೆ ಕರೆದು ಊಟಕ್ಕೆ ಹಾಕಿದರು. ಈ ಮಾತನ್ನು ಅವರು ನಗುತ್ತಾ ಹೇಳುತ್ತಿದ್ದರು.

ಕೇಳುವವರೂ ನಗುತ್ತಾರೆ. ಕಥೆ ಚಂದವಾಗಿ ಮುಗಿಯಿತು ಅಂತ ಸಮಾಧಾನ ಮಾಡಿಕೊಳ್ಳುತ್ತಾರೆ. ನನ್ನ ತಕರಾರು ಇಲ್ಲೇ ಅದ. ಆ ಕಥೆ ಚಂದ ಮುಗಿದಿಲ್ಲ. ಮೊದಲು ಬೇಡವಾಗಿದ್ದು ಯಾಕ? ಹಾಡುವವರ ಮನೆಯವಳು ಅಂತ. ಆಮೇಲೆ ಬೇಕಾದದ್ದು ಯಾಕ? ಹಾಡುತ್ತಾಳೆ ಅಂತ. ಎರಡಕ್ಕೂ ಕಾರಣ ಒಂದೇ ಹಾಡು. ಹಾಗಾದರೆ ಬದಲಾದದ್ದು ಏನು? ಬೇಲಿ ಬಿದ್ದಿಲ್ಲ. ಒಬ್ಬಾಕೆಗೆ ಮಾತ್ರ ಬಾಗಿಲು ತೆಗೆದರು, ಅದೂ ದೇಶವೆಲ್ಲ ಆಕೆಗೆ ಬಾಗಿಲು ತೆಗೆದ ಮೇಲೆ. ಆಕೆಯ ಹಂಗೇ ಹಾಡುವ ಮನೆಯಲ್ಲಿ ಹುಟ್ಟಿ, ಹೆಸರು ಬಾರದೇ ಹೋದ ಹುಡುಗಿಯರು ಎಷ್ಟು ಮಂದಿ ಇದ್ದರೋ. ಅವರನ್ನ ಯಾರು ಊಟಕ್ಕ ಕರೆದರು?

ಆದರೂ ಓಣಿಗೆ ಅನ್ಯಾಯ ಮಾಡಬಾರದು. ಓಣಿ ಆಕೆಗೆ ಒಂದು ದೊಡ್ಡ ವಸ್ತುವನ್ನೂ ಕೊಟ್ಟಿತು. ಆಗ ಗ್ರಾಮೋಫೋನು ಹೊಸದು. ಎಲ್ಲಾದರೂ ತಟ್ಟೆ ಹಚ್ಚಿದರೆ ಈ ಹುಡುಗಿ ಮನೆಯಿಂದ ಓಡಿ ಬೀದಿಗೆ ಬರುತ್ತಿದ್ದಳಂತೆ. ಜೊಹ್ರಾಬಾಯಿಯಂಥವರ ಹಾಡು ಕೇಳಿ ಅದೇ ದನಿಯನ್ನು ಬಾಯಾಗ ತಿರುವುತ್ತಾ ಮನೆಗೆ ವಾಪಸ್ಸು ಹೋಗುತ್ತಿದ್ದಳಂತೆ. ಹಾಡಿಗೆ ಬೇಲಿ ಇಲ್ಲ ನೋಡಿರಿ. ಯಾರದೋ ಮನೆಯಾಗ ತಟ್ಟೆ ತಿರುಗತಿರತದ, ದನಿ ಕಿಟಕಿ ದಾಟಿ ಬಂದುಬಿಡತದ. ತೋಟದ ಯಜಮಾನರು ಮಾವಿನಕಾಯಿ ಕಾಯಬಹುದು, ದನಿ ಕಾಯಲಿಕ್ಕೆ ಆಗೋದಿಲ್ಲ. ನನಗೆ ಇದು ಚೆನ್ನಾಗಿ ಗೊತ್ತು. ನಾನು ಹಾಡು ಕಲಿತದ್ದೂ ಗೋಡೆಯ ಆಚೆ ನಿಂತೇ. ಅದನ್ನ ಮುಂದೆ ಹೇಳತೀನಿ.

ಅದೇ ಬೀದಿಯಾಗ ಆಕೆ ನಡೆದು ಹೋಗುವಾಗ ‘ಗಾನೇವಾಲಿ’ ಅಂತ ಹಿಂದಿನಿಂದ ಕೂಗಿ ಅಣಕಿಸುತ್ತಿದ್ದರಂತೆ. ಒಂದೇ ಬೀದಿ: ಒಂದು ಕಿವಿಗೆ ಜೊಹ್ರಾಬಾಯಿ, ಇನ್ನೊಂದು ಕಿವಿಗೆ ಗಾನೇವಾಲಿ. ಹೀಂಗ ಎರಡೂ ಸೇರಿದ್ದು ಆಕೆಯ ಓಣಿ. ‘ಕೀರ್ತಿ ತಂದರು’ ಅನ್ನುವ ನಮ್ಮ ಭಾಷಣದಾಗ ಒಂದೇ ಕಿವಿಯ ಮಾತು ಇರತದ.

ಈಗ ಸಾಲಿಗೆ ಬರೋಣ. ಗಂಗೂಬಾಯಿಯವರು ಓದಿದ್ದು ಐದನೇ ಇಯತ್ತೆಯ ತನಕ. ನನಗಿಂತ ಎರಡು ಇಯತ್ತೆ ಕಡಿಮೆ. ಮುಂದೆ ಅವರು ಕರ್ನಾಟಕ ವಿಶ್ವವಿದ್ಯಾಲಯದಾಗ ಸಂಗೀತದ ಗೌರವ ಪ್ರಾಧ್ಯಾಪಕರಾದರು. ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯವೇ ಮೈಸೂರಿನಲ್ಲಿ ಅದ. ಸಾಲಿ ಕಡಿಮೆ ಆದರೇನು, ಸಾಧನೆ ಮಾಡಬಹುದು ಅಂತ ಮಾಸ್ತರುಗಳು ಮಕ್ಕಳಿಗೆ ಹೇಳತಾರ. ಹೇಳಲಿ. ಆದರೆ ನನಗೆ ಬೇರೆ ಒಂದು ಸಂಗತಿ ಅದಕ್ಕಿಂತ ದೊಡ್ಡದು ಅನ್ನಿಸತದ.

1924ರ ಡಿಸೆಂಬರ್. ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ. ಗಾಂಧೀಜಿಯವರು ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ ಅದು. ಹುಯಿಲಗೋಳ ನಾರಾಯಣರಾಯರು ಕನ್ನಡ ನಾಡು ಒಂದಾಗಲಿ ಅಂತ ಬರೆದ ಹಾಡನ್ನು ಅಲ್ಲಿ ಹಾಡಿದರು. ಹಾಡಿದ ಹುಡುಗಿಯರ ಗುಂಪಿನಾಗ ಗಂಗೂಬಾಯಿಯವರೂ ಒಬ್ಬರು. ಆಗ ವಯಸ್ಸು ಹನ್ನೊಂದು. ಹನ್ನೊಂದು ವರ್ಷದ ಹುಡುಗಿಗೆ ಅಷ್ಟು ದೊಡ್ಡ ಸಭೆ, ಅಂಥ ಮಹಾತ್ಮರು. ಯಾವ ಮಗುವಿಗಾದರೂ ಭಯ ಆಗತದ. ಹಾಡು ಮರೆತರೆ ಏನು ಮಾಡಲಿ, ದನಿ ಒಡೆದರೆ ಏನು ಮಾಡಲಿ ಅಂತ. ಆದರೆ ಈ ಹುಡುಗಿಗೆ ಇದ್ದ ಭಯ ಬೇರೆ. ಅದನ್ನೂ ಅವರೇ ಹೇಳಿದ್ದಾರೆ. ಊಟ ಆದ ಮೇಲೆ ಎಂಜಲೆಲೆ ಎತ್ತು ಅಂತ ನನಗೆ ಹೇಳಿಬಿಟ್ಟರೆ ಹೆಂಗ ಅನ್ನುವುದೇ ಆಕೆಯ ಚಿಂತೆ.

ಈ ಒಂದು ಮಾತಿನ ಹತ್ತಿರ ಓದುಗರು ಸ್ವಲ್ಪ ನಿಲ್ಲಬೇಕು. ಬೆಳಗಾವಿಯಾಗ ಆಕೆಗೆ ಯಾರೂ ಎಲೆ ಎತ್ತು ಅಂದದ್ದಲ್ಲ, ಅಂದಾರು ಅನ್ನುವ ಭಯ ಅದು. ಆ ಭಯ ಬೆಳಗಾವಿಯದಲ್ಲ, ಆಕೆ ಮನೆಯಿಂದಲೇ ತಂದದ್ದು. ತಲೆಯಾಗ ಹಾಡು, ಹೊಟ್ಟೆಯಾಗ ಈ ಭಯ. ಹನ್ನೊಂದು ವರ್ಷಕ್ಕೇ ಆ ಮಗು ಎರಡು ಪಾಠ ಕಲಿತು ಮುಗಿಸಿತ್ತು: ಹಾಡಲಿಕ್ಕೆ ಕರೆಯುತ್ತಾರೆ, ಉಣ್ಣುವ ಹೊತ್ತಿಗೆ ಬೇರೆ ಕೂರಿಸುತ್ತಾರೆ. ಮೊದಲನೆಯ ಪಾಠ ಕಲಿಸಿದವರ ಹೆಸರು ನಮಗೆ ಗೊತ್ತು, ತಾಯಿ ಅಂಬಾಬಾಯಿ. ಎರಡನೆಯ ಪಾಠ ಕಲಿಸಿದವರ ಹೆಸರು ಯಾರೂ ಬರೆದಿಟ್ಟಿಲ್ಲ. ಅದನ್ನ ಒಬ್ಬರು ಕಲಿಸೋದಿಲ್ಲ. ಓಣಿ, ಬಾವಿ, ಗುಡಿ, ಸಾಲಿ ಎಲ್ಲ ಕೂಡಿ, ಯಾರೂ ಬಾಯಿ ಬಿಡದೇ ಕಲಿಸಿಬಿಡತಾವ.

ಆ ಹಾಡಿನ ಬಗ್ಗೆ ನಮ್ಮ ಭಾಗದವರಿಗೆ ಇನ್ನೊಂದು ಮಾತು ಹೇಳಲೇಬೇಕು. ಕನ್ನಡ ನಾಡು ಒಂದಾಗಲಿ ಅಂತ ಆ ಮಕ್ಕಳು ಹಾಡಿದರು. ಮೂವತ್ತೆರಡು ವರ್ಷಕ್ಕೆ, 1956ರಲ್ಲಿ, ನಾಡು ಒಂದಾಯಿತು. ಆಗ ರಾಯಚೂರು ಜಿಲ್ಲೆಯಾಗಿದ್ದ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರದ ಕಡೆಗೆ ಬಂದವು. ನಮ್ಮ ನಾರಾಯಣಪೇಟೆ, ಮಕ್ತಲ್ ಇತ್ತಲೇ ಉಳಿದವು. 2019ರಿಂದ ನಮ್ಮದು ನಾರಾಯಣಪೇಟೆ ಜಿಲ್ಲೆ. ನಮ್ಮ ಮನಿ ಮಾತು ಕನ್ನಡ, ಕಚೇರಿ ಮಾತು ತೆಲುಗು, ಸಂತಿ ಮಾತು ಎರಡೂ ಕೂಡಿ ಉರ್ದೂ. ಇದರಾಗ ಯಾರ ಮೇಲೂ ನನಗೆ ಸಿಟ್ಟಿಲ್ಲ. ಆದರೆ ಹಾಡಿನಾಗ ಸೇರಿ ಪಂಕ್ತಿಯಾಗ ಹೊರಗೆ ಉಳಿಯೋದು ಅಂದ್ರೇನು ಅಂತ ಗಡಿಯವರಾದ ನಮಗೆ ಸ್ವಲ್ಪವಾದರೂ ಗೊತ್ತಿರಬೇಕು. ಗೊತ್ತಿದ್ದೂ ನಾವೇ ಇನ್ನೊಬ್ಬರನ್ನ ಹೊರಗೆ ಕೂರಿಸಿದೆವು. ಅದೇ ನನ್ನ ಸಂಕಟ.

ಮುಂದಿನ ಕಥೆ ನಿಮಗೆ ಗೊತ್ತಿರುವುದೇ, ಬೇಗ ಹೇಳತೀನಿ. ಮಗಳಿಗೆ ಹಿಂದೂಸ್ತಾನಿ ಸಂಗೀತದ ಮೇಲೆ ಮನಸ್ಸಿದೆ ಅಂತ ಗೊತ್ತಾಗಿ, 1928ರಲ್ಲಿ ಮನೆಯವರು ಹುಬ್ಬಳ್ಳಿಗೆ ಬಂದರು. ಕೃಷ್ಣಾಚಾರ್ಯ ಹುಲಗೂರರು ಮೊದಲ ಗುರು. ತನ್ನ ಹಾಡು ಮಗಳ ಕಿವಿಗೆ ಬಿದ್ದರೆ ಆಕೆಯ ಹಿಂದೂಸ್ತಾನಿ ಕಲಿಕೆ ಕೆಟ್ಟೀತು ಅಂತ ಅಂಬಾಬಾಯಿಯವರು ತಮ್ಮ ಕರ್ನಾಟಕ ಸಂಗೀತವನ್ನೇ ಬಿಟ್ಟುಬಿಟ್ಟರು. ಹಾಡುವವರಿಗೆ ಮಾತ್ರ ಗೊತ್ತು ಇದು ಎಂಥ ತ್ಯಾಗ ಅಂತ. ಅನ್ನ ಬಿಡಬಹುದು, ಬಾಯಿಗೆ ಬರುವ ಹಾಡು ಬಿಡೋದು ಹೆಂಗ? ಆಮೇಲೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಹತ್ತಿರ ಕಲಿಕೆ. ಹುಬ್ಬಳ್ಳಿಯಿಂದ ರೈಲಿನಾಗ ಹೋಗೋದು, ಕಲಿಯೋದು, ರೈಲಿನಾಗೇ ವಾಪಸ್ಸು ಬರೋದು. ಅಲ್ಲೇ ಕಲಿಯುತ್ತಿದ್ದ ಹುಡುಗ ಭೀಮಸೇನ ಜೋಶಿ ಸ್ಟೇಶನ್ ತನಕ ಬಂದು ಕಳಿಸಿ ಹೋಗುತ್ತಿದ್ದರಂತೆ. ಗಂಟಲಿನ ಚಿಕಿತ್ಸೆ ಆದ ಮೇಲೆ ದನಿ ದಪ್ಪವಾಯಿತು, ಗಂಡು ದನಿಯ ಹಾಗಾಯಿತು. ಬೇರೆಯವರಾಗಿದ್ದರೆ ಹಾಡುವುದು ಮುಗಿಯಿತು ಅಂತ ಅಳುತ್ತಾ ಕೂರುತ್ತಿದ್ದರು. ಅವರು ಅದೇ ದನಿಯನ್ನು ತಮ್ಮ ಗುರುತು ಮಾಡಿಕೊಂಡರು.

ಆ ದನಿಯ ಬಗ್ಗೆ ರೈತನಾಗಿ ನನಗೆ ತಿಳಿದಷ್ಟು ಹೇಳತೀನಿ. ರಾಗದ ಶಾಸ್ತ್ರ ನನಗೆ ಬರೋದಿಲ್ಲ. ನಾವು ಹುಡುಗರಿದ್ದಾಗ ಪಂಚಾಯತಿ ರೇಡಿಯೋದಾಗ ರಾತ್ರಿ ಅವರ ಹಾಡು ಬಂದರೆ ‘ಯಾರೋ ಗಂಡಸು ಹಾಡಲಿಕತ್ಯಾನ’ ಅಂತ ಎದ್ದು ಹೋಗುತ್ತಿದ್ದೆವು. ಈಗ ಮಗ ಮೊಬೈಲಿನಾಗ ಹಚ್ಚಿಕೊಡತಾನ. ಬೆಳಗಿನ ಜಾವ ಗದ್ದಿಗೆ ನೀರು ಕಟ್ಟುವಾಗ ಬದುವಿನ ಮೇಲೆ ಮೊಬೈಲ್ ಇಟ್ಟು ಅವರ ಭೈರವ, ತೋಡಿ, ಆಸಾವರಿ ಕೇಳತೀನಿ. ನೀರು ಕಟ್ಟುವವನಿಗೆ ಆ ಹಾಡು ಬೇಗ ತಿಳಿಯತದ. ಮೊದಲನೇ ಮಡಿ ಮೂಲೆ ಮೂಲೆ ತುಂಬಿದ ಮೇಲೇ ಎರಡನೇ ಮಡಿಗೆ ನೀರು ಬಿಡಬೇಕು. ಗಡಿಬಿಡಿ ಮಾಡಿದರೆ ಒಂದು ಕಡೆ ಕೊಚ್ಚತದ, ಒಂದು ಕಡೆ ಒಣಗತದ. ಅವರು ಒಂದು ಸ್ವರದ ಮೇಲೆ ನಿಂತು, ಅದು ತುಂಬುವ ತನಕ ಕಾಯ್ದು, ಆಮೇಲೆ ಮುಂದಿನ ಸ್ವರದ ಒಡ್ಡು ಕಡಿಯುತ್ತಾರೆ. ಜುಗ್ಗ ಮನುಷ್ಯ ರೊಕ್ಕ ಬಿಚ್ಚಿದ ಹಾಗೆ ಒಂದೊಂದೇ ಸ್ವರ ಬಿಚ್ಚಬೇಕು ಅಂತ ಗುರುಗಳು ಕಲಿಸಿದ್ದರು ಅಂತ ಅವರು ಹೇಳುತ್ತಿದ್ದರು. ನಾನು ಅದಕ್ಕೆ ನೀರಿನ ಲೆಕ್ಕ ಅಂತೀನಿ. ಕೆರೆಯಾಗ ನೀರು ಕಡಿಮೆ ಇದ್ದ ವರ್ಷ ನಾವೂ ಹಾಂಗೇ ಜುಗ್ಗರಾಗತೀವಿ.

ಇಷ್ಟು ಹೊಗಳಿದ ಮೇಲೆ ನನ್ನ ಒಂದು ತಕರಾರೂ ಅದ. ಮೊದಲಿಗೆ ಗಂಗೂಬಾಯಿಯವರು ಭಜನೆ, ಠುಮರಿ ಎಲ್ಲಾ ಹಾಡುತ್ತಿದ್ದರು. 1945ರ ಆಮೇಲೆ ಅವನ್ನೆಲ್ಲ ಬಿಟ್ಟರು. ನಾನು ರಾಗ ಮಾತ್ರ ಹಾಡತೀನಿ ಅಂತ ಗಟ್ಟಿ ನಿಂತರು. ಪದ ಹಾಡುವ ನನ್ನಂಥವನಿಗೆ ಇದು ಮೊದಲು ಬ್ಯಾಸರ ತರಿಸಿತು. ಹಗುರ ಹಾಡು ಅಂದ್ರ ಕೀಳೇನು? ಬೀಸುವ ಪದ, ಸೋಬಾನ ಪದ, ಮೊಹರಮ್ಮಿನ ಪದ ಹಾಡೋರು ನಾವು. ನಮ್ಮ ಹಾಡು ಹಗುರ ಅಲ್ಲ, ಹೊಟ್ಟಿಗೆ ರೊಟ್ಟಿ ಇಲ್ಲದಾಗ ಹೊತ್ತ ಹಾಡು ಅವು. ಅಂಥ ದನಿಯಾಗ ಒಂದು ಬೀಸುವ ಪದ ಕೇಳಬೇಕು ಅಂತ ನನಗೆ ಬಹಳ ಆಸೆ. ಬಿಟ್ಟದ್ದು ನಮ್ಮಂಥ ಕೇಳುವವರಿಗೆ ನಷ್ಟವೇ.

ಆದರೆ ಓಣಿಯ ಕಥೆ ಓದಿದ ಮೇಲೆ ನನಗೆ ಬೇರೆ ಅರ್ಥ ಹೊಳೀತು. ಇದು ನನ್ನ ಊಹೆ, ಅವರು ಹೇಳಿದ್ದಲ್ಲ. ‘ಗಾನೇವಾಲಿ’ ಅಂತ ಬೀದಿಯಾಗ ಕೂಗಿಸಿಕೊಂಡ ಹುಡುಗಿ, ಮಂದಿ ಆ ಹೆಸರಿನ ಜೊತೆ ಕಟ್ಟಿದ ಹಾಡುಗಳನ್ನೇ ದೂರ ಇಟ್ಟಳೇನೋ. ಗಂಡಸರು ಠುಮರಿ ಹಾಡಿದರೆ ರಸಿಕರು, ಪಂಡಿತರು. ಹಾಡುವ ಮನೆಯ ಹೆಂಗಸು ಅದನ್ನೇ ಹಾಡಿದರೆ ಮಂದಿ ಬೇರೆ ಕಣ್ಣಿನಿಂದ ನೋಡತಾರ. ಇನ್ನೊಂದು ಮಾತನ್ನು ಅವರೇ ಹೇಳಿದ್ದಾರೆ: ಮುಸಲ್ಮಾನ ಗಂಡಸು ಹಾಡಿದರೆ ಉಸ್ತಾದ್ ಆಗತಾನ, ಹಿಂದೂ ಗಂಡಸು ಹಾಡಿದರೆ ಪಂಡಿತ ಆಗತಾನ, ಕೇಸರಬಾಯಿ, ಮೊಗೂಬಾಯಿಯಂಥವರು ಮಾತ್ರ ಕೊನೆಯ ತನಕ ಬಾಯಿಯಾಗೇ ಉಳೀತಾರ. ನಗುತ್ತಾ ಹೇಳಿದ ಮಾತು ಇದು. ಆದರೆ ಮಾವಿನಕಾಯಿಯ ಕಥೆಯನ್ನೂ ಅವರು ನಗುತ್ತಲೇ ಹೇಳಿದ್ದರು. ಅವರ ನಗುವಿನ ಕೆಳಗೆ ಏನಿರತದ ಅಂತ ನಾವು ನೋಡಿ ಓದಬೇಕು. ಭಾಷಣ ಮಾಡುವವರು ನಗುವನ್ನ ಮಾತ್ರ ಎತ್ತಿಕೊಂಡು ಬರತಾರ.

ಈಗ ನನ್ನ ಕಥೆ. ನಾನು ಸಾಲಿ ಕಲಿತದ್ದು ಸೋದರಮಾವನ ಊರಾಗ. ಊರ ಹೆಸರು ಬ್ಯಾಡ. ನನ್ನ ಇಯತ್ತೆಯಾಗ ಹಾಡುವವರ ಮನೆಯ ಒಬ್ಬ ಹುಡುಗಿ ಇದ್ದಳು. ಅವರವ್ವ ಮದುವಿ, ಸೀಮಂತ, ಜಾತ್ರಿಗೆ ಪದ ಹಾಡಿ, ಕೊಟ್ಟ ಜೋಳ ಉಡಿಯಾಗ ಕಟ್ಟಿಕೊಂಡು ಹೋಗುತ್ತಿದ್ದಳು. ಹುಡುಗಿಯ ದನಿ ಎಂಥದಿತ್ತು ಅಂದ್ರ, ಬೆಳಿಗ್ಗೆ ಪ್ರಾರ್ಥನೆ ಎತ್ತಿದರೆ ಸಾಲಿಯ ಮುಂದೆ ಹೋಗುವ ಎತ್ತಿನ ಬಂಡಿ ನಿಲ್ಲುತ್ತಿತ್ತು. ದಿನಾ ಪ್ರಾರ್ಥನೆ ಆಕಿಯದೇ. ಪ್ರಾರ್ಥನೆ ಮುಗಿದ ಮೇಲೆ ಆಕಿ ಕೂಡುವ ಜಾಗ ಬಾಗಿಲ ಹತ್ತಿರ.

ಒಂದು ಆಗಸ್ಟ್ ಹದಿನೈದಕ್ಕೆ ಝಂಡಾ ಏರಿಸಿ, ಆಕಿಯಿಂದ ಎರಡು ಹಾಡು ಹಾಡಿಸಿದರು. ಆಮೇಲೆ ಊರ ದೊಡ್ಡವರೊಬ್ಬರ ಮನೆ ಪಡಸಾಲಿಯಾಗ ಮಕ್ಕಳಿಗೆಲ್ಲ ಸಜ್ಜಕ ಇಟ್ಟಿದ್ದರು. ನಾವು ಓಡಿ ಹೋಗಿ ಸಾಲಾಗಿ ಕುಂತೆವು. ಆಕಿ ಮೆಟ್ಟಿಲ ಕೆಳಗೆ ನಿಂತಿದ್ದಳು. ಯಾರೂ ಹೋಗು ಅನ್ನಲಿಲ್ಲ, ಯಾರೂ ಬಾ ಅನ್ನಲಿಲ್ಲ. ನಾನು ನೋಡಿದೆ. ನೋಡುತ್ತಾ ಸಜ್ಜಕ ತಿಂದೆ. ಬಹಳ ರುಚಿಯಾಗಿತ್ತು, ಬೆಲ್ಲ ಜಾಸ್ತಿ ಹಾಕಿದ್ದರು. ಆ ರುಚಿ ಇವತ್ತಿಗೂ ನನಗೆ ನೆನಪಿದೆ, ಅದಕ್ಕೇ ಬರೀತೀನಿ. ಮೆಟ್ಟಿಲ ಕೆಳಗೆ ಎಷ್ಟು ಹೊತ್ತು ನಿಂತಿದ್ದಳು, ಯಾವಾಗ ಹೋದಳು ಅಂತ ಕೇಳಿದರೆ ನನಗೆ ನೆನಪಿಲ್ಲ. ಐದನೇ ಇಯತ್ತೆಗೆ ಆಕಿ ಸಾಲಿ ಬಿಟ್ಟಳು. ಮಾಸ್ತರು ಒಂದು ವಾರ ಪ್ರಾರ್ಥನೆಗೆ ಇನ್ನೊಬ್ಬರನ್ನ ಹುಡುಕಿದರು, ಆಮೇಲೆ ಎಲ್ಲರೂ ಕೂಡಿ ಹಾಡಲಿಕ್ಕೆ ಹತ್ತಿದೆವು.

ಇನ್ನೂ ಹೇಳಬೇಕಾದದ್ದು ಉಳಿದಿದೆ. ಆಕಿಯ ಅವ್ವ ರಾತ್ರಿ ಹಾಡು ಹೇಳಿಕೊಳ್ಳುತ್ತಾ ಜೋಳ ಬೀಸುವಾಗ ನಾನು ಅವರ ಹಿತ್ತಲ ಗೋಡಿಗೆ ಕಿವಿ ಹಚ್ಚಿ ನಿಲ್ಲುತ್ತಿದ್ದೆ. ಆ ಮನಿಗೆ ಹೋದದ್ದು ಗೊತ್ತಾದರೆ ಮಾವ ಬಡಿತಿದ್ದ, ಅದಕ್ಕೇ ಗೋಡಿಯ ಆಚೆ. ಇವತ್ತು ನಾನು ಹಾಡುವ ಪದಗಳಾಗ ಅರ್ಧಕ್ಕರ್ಧ ಆ ಗೋಡೆಯಿಂದ ಬಂದವು. ಆ ಪದ ಹಾಡಿ ನಾನು ಎಷ್ಟು ಊರಾಗ ಶಾಲು ಹೊದ್ದೀನಿ, ಹಾರ ಹಾಕಿಸಿಕೊಂಡೀನಿ. ಮಂದಿ ನನಗೆ ‘ಜಾನಪದ ಗಾಯಕರು’ ಅಂತಾರ. ಅದೇ ಪದ ಹಾಡಿದ ಆ ತಾಯಿಗೆ ‘ಹಾಡೋ ಮಂದಿ’ ಅಂತಿದ್ದರು. ನಾನು ಉಸ್ತಾದ್ ಆದೆ, ಆಕಿ ಬಾಯಿಯಾಗೇ ಉಳಿದಳು ಅಂದಂಗ ಆಯಿತು. ಗಂಗೂಬಾಯಿಯವರು ನಗುತ್ತಾ ಹೇಳಿದ ಮಾತು ನನ್ನ ಮನಿ ಬಾಗಿಲಿಗೇ ಬಂದು ನಿಂತದ.

ಹಾಗಾದರೆ ಹೆಸರಾದ ಕಲಾವಿದರಿಗೆ ಓಣಿ ಏನು ಮಾಡಬೇಕು? ಸ್ಮಾರಕ ಮಾಡಬೇಕು ಅಂತಾರ. ಶುಕ್ರವಾರಪೇಟೆಯಾಗ ಅವರು ಹುಟ್ಟಿದ ಮನೆಗೆ ಗಂಗೋತ್ರಿ ಅಂತ ಹೆಸರಿಟ್ಟು ಸ್ಮಾರಕ ಮಾಡಿದ್ದರು. ಆಮೇಲೆ ನೋಡಿಕೊಳ್ಳುವವರಿಲ್ಲದೇ ಆ ಮನೆ ಹಾಳು ಬಿತ್ತು ಅಂತ ಪತ್ರಿಕೆಗಳಾಗ ಬಂತು. ಓದಿ ಸಂಕಟ ಆಯಿತು. ಕಟ್ಟಲಿ, ದುರಸ್ತಿ ಮಾಡಲಿ, ಅದು ಬೇಕು. ಆದರೆ ಮನೆಯ ಗೋಡೆ ನಿಲ್ಲಿಸಿದರೆ ಅರ್ಧ ಕೆಲಸ ಆಗತದ. ಆ ಮನೆಯ ಹುಡುಗಿಗೆ ಹಾಕಿದ್ದ ಬೇಲಿ ಎಲ್ಲಿತ್ತು ಅಂತಲೂ ಮಕ್ಕಳಿಗೆ ತೋರಿಸಬೇಕು. ಸ್ಮಾರಕ ನೋಡಲು ಬಂದ ಮಗುವಿಗೆ ಪದ್ಮವಿಭೂಷಣದ ಫೋಟೋ ತೋರಿಸಿ, ಮಾವಿನ ತೋಟದ ಕಥೆ ಹೇಳದೇ ಕಳಿಸಿದರೆ, ಆ ಮಗು ಕಲಿಯುವುದು ಅರ್ಧ ಪಾಠ.

ಗಂಗೂಬಾಯಿಯವರೇ ಅದನ್ನು ಮುಚ್ಚಿಡಲಿಲ್ಲ ಅನ್ನೋದು ನೋಡಿರಿ. ‘ನನ್ನ ಬದುಕಿನ ಹಾಡು’ ಅಂತ ಪುಸ್ತಕ ಬಂತು, ಸಂದರ್ಶನ ಕೇಳಿದವರಿಗೆಲ್ಲ ಈ ಸಂಗತಿಗಳನ್ನ ಹೇಳಿದರು. ದೊಡ್ಡವರಾದ ಮೇಲೆ ಇಂಥವನ್ನ ಮರೆಯುವವರೇ ಹೆಚ್ಚು. ಅವರು ಓಣಿಯನ್ನ ಬೈಯಲೂ ಇಲ್ಲ, ಮರೆಯಲೂ ಇಲ್ಲ. ಕರೆದ ಮನೆಗೆ ಹೋಗಿ ಉಂಡು ಬಂದರು, ಮಾವಿನಕಾಯಿಯ ಕಥೆಯನ್ನೂ ಹೇಳಿದರು. ಇದು ದೊಡ್ಡ ಗುಣ. ಆದರೆ ಅವರು ಕ್ಷಮಿಸಿದರು ಅಂತ ನಾವು ಲೆಕ್ಕ ಚುಕ್ತಾ ಅಂತ ಬರೆದುಕೊಳ್ಳಬಾರದು. ಸಾಲ ಕೊಟ್ಟವರು ದೊಡ್ಡ ಮನಸ್ಸಿನಿಂದ ಬಿಟ್ಟರೂ, ಸಾಲ ತಗೊಂಡವ ಮರೆಯಬಾರದು.

ಮಾಸ್ತರುಗಳಿಗೆ, ಅಕ್ಕೋರುಗಳಿಗೆ ನನ್ನದೊಂದು ವಿನಂತಿ. ಮುಂದಿನ ಸಲ ಯಾವ ಮಗುವಾದರೂ ಗಂಗೂಬಾಯಿಯವರ ಬಗ್ಗೆ ಭಾಷಣ ಮಾಡಿದರೆ, ಬಿರುದು ಎರಡು ಕಡಿಮೆ ಮಾಡಿ ಆ ಎಂಜಲೆಲೆಯ ಭಯವನ್ನ ಸೇರಿಸಿರಿ. ನಿಮ್ಮ ಸಾಲಿಯಾಗ ಪ್ರಾರ್ಥನೆ ಹಾಡುವ ಮಗು ಪ್ರಾರ್ಥನೆ ಆದ ಮೇಲೆ ಎಲ್ಲಿ ಕೂಡತದ, ಮಧ್ಯಾಹ್ನದ ಊಟಕ್ಕ ಯಾರ ಪಕ್ಕದಾಗ ಕೂಡತದ ಅಂತ ಒಂದು ಸಲ ನೋಡಿರಿ. ಈಗ ಎಲ್ಲರೂ ಕೂಡಿ ಉಣ್ಣತಾರ ಅಂತ ನೀವು ಹೇಳಬಹುದು. ಇರಬಹುದು, ಕಾಲ ಬದಲಾಗಿದೆ, ನನಗೂ ಸಂತೋಷ. ಆದರೂ ನೋಡಿರಿ. ನಾವು ಅವತ್ತು ನೋಡಲಿಲ್ಲ.

ನನ್ನ ಪಾಲಿನ ಕೆಲಸ ನಾನು ಶುರು ಮಾಡೀನಿ. ನನ್ನ ಹತ್ತಿರ ಪದ ಬರೆದಿಟ್ಟ ಹಳೇ ವಹಿ ಒಂದದ. ಪದದ ಮೇಲೆ ಪದ ಬರೆದೀನಿ, ಯಾರಿಂದ ಕಲಿತೆ ಅಂತ ಒಂದು ಕಡೆಯೂ ಬರೆದಿದ್ದಿಲ್ಲ. ಈಗ ರಾತ್ರಿ ಊಟ ಆದ ಮೇಲೆ ಕನ್ನಡಕ ಹಾಕಿಕೊಂಡು ಒಂದೊಂದು ಪದದ ಕೆಳಗೆ ಕಲಿಸಿದವರ ಹೆಸರು ಬರೆಯುತ್ತಾ ಬಂದೀನಿ. ಕೆಲವರ ಹೆಸರು ನೆನಪಿದೆ. ಕೆಲವಕ್ಕೆ ‘ಇಂಥವರ ಅತ್ತಿ’, ‘ಇಂಥ ಊರ ಸೊಸಿ’ ಅಂತ ಬರೆದೀನಿ. ಆ ಗೋಡೆಯಿಂದ ಬಂದ ಪದಗಳ ಹತ್ತಿರ ಬಂದಾಗ ಪೆನ್ನು ನಿಂತಿತು. ಆ ತಾಯಿಯ ಹೆಸರು ನನಗೆ ಗೊತ್ತೇ ಇಲ್ಲ. ಹತ್ತು ವರ್ಷ ಅದೇ ಊರಾಗ ಇದ್ದೆ, ಅಷ್ಟು ಪದ ಕದ್ದೆ, ಹೆಸರು ಕೇಳಲಿಲ್ಲ. ಎಲ್ಲರೂ ‘ಹಾಡೋಳು’ ಅಂತಿದ್ದರು, ನಾನೂ ಹಾಂಗೇ ಅಂತಿದ್ದೆ.

ಜೋಳದ ರಾಶಿ ಮುಗಿದ ಮೇಲೆ ಆ ಊರಿಗೆ ಹೋಗತೀನಿ. ಮಗಳು ಇದ್ದರೆ ಈಗ ಆಕಿಗೂ ನನ್ನಷ್ಟೇ ವಯಸ್ಸು. ಸಿಕ್ಕರೆ ಅವ್ವನ ಹೆಸರು ಕೇಳಿಕೊಂಡು ಬಂದು ವಹಿಯಾಗ ಬರೀತೀನಿ. ಆ ವಹಿಯನ್ನ ವಾಚನಾಲಯಕ್ಕೆ ಕೊಡಬೇಕು ಅಂತ ಮಾಡೀನಿ. ಸಿಗದಿದ್ದರೆ ಆ ಪದಗಳ ಕೆಳಗೆ ಜಾಗ ಖಾಲಿ ಬಿಡತೀನಿ. ಯಾರಾದರೂ ಓದುವವರು ಇದು ಯಾಕ ಖಾಲಿ ಅಂತ ಕೇಳಿದರೆ, ಈ ಲೇಖನ ತೋರಿಸಿರಿ.